ಸಮ್ಮೇಳನದ ಸೂತ್ರ ಯಾರ ಕೈಯಲ್ಲಿರಬೇಕು?

ರೋಗಿಯ ನಾಡಿ ಹಿಡಿಯದೆ, ಅವನನ್ನು ಒಂದು ಮಾತೂ ಕೇಳದೆ ಔಷಧಿ ಬರೆದುಕೊಡುವ ವೈದ್ಯನನ್ನು ನಾವು ಮೆಚ್ಚುವೆವೇ? ಖಂಡಿತ ಇಲ್ಲ. ಆದರೆ ಮದ್ಯ ಮತ್ತು ಮಾದಕ ವಸ್ತುಗಳ ಹಾವಳಿಗೆ ತುತ್ತಾದ ಮೂಲನಿವಾಸಿಗಳ ವಿಷಯದಲ್ಲಿ ಬಹುಕಾಲ ನಡೆದುದು ಹೆಚ್ಚುಕಡಿಮೆ ಇದೇ. ಅವರನ್ನು ಕುರಿತು ಅಧ್ಯಯನಗಳಾದುವು, ಸಭೆಗಳಾದುವು; ಅವರು ಮಾತ್ರ ಆ ಸಭೆಗಳ ವಿಷಯವಾಗಿದ್ದರೇ ಹೊರತು ಯಜಮಾನರಾಗಿರಲಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳೋಣ. ದೇಹವನ್ನು ಸೇರಿದ ಮದ್ಯಸಾರವನ್ನು ಯಕೃತ್ತಿನ ಕಿಣ್ವವೊಂದು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವನ್ನಾಗಿ ಮಾರ್ಪಡಿಸುತ್ತದೆ. ಮತ್ತೊಂದು ಕಿಣ್ವ ಅದನ್ನು ನಿರಪಾಯವಾದ ಅಸಿಟೇಟ್ ಆಗಿಸುತ್ತದೆ. ಅಮೆರಿಕದ ಮೂಲನಿವಾಸಿಗಳ ದೇಹಕ್ಕೆ ಮದ್ಯವನ್ನು ಅರಗಿಸುವ ಶಕ್ತಿ ಹುಟ್ಟಿನಿಂದಲೇ ಕಡಿಮೆಯೆಂಬ ನಂಬಿಕೆ ಬಿಳಿಯರಲ್ಲಿ ಬೇರೂರಿತ್ತು. 1976ರಲ್ಲಿ ಬೆನ್ನಿಯನ್ ಮತ್ತು ಲೀ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿ, ಮದ್ಯಸಾರ ಕರಗುವ ವೇಗದಲ್ಲಿ ಈ ಎರಡು ಜನವರ್ಗಗಳ ನಡುವೆ ಭೇದವಿಲ್ಲವೆಂದು ತೋರಿಸಿದರು. ಹಾಗಾದರೆ ಕೇಡಿನ ಬೇರು ಎಲ್ಲಿದೆ? ಬಹುಮಟ್ಟಿಗೆ ಚರಿತ್ರೆಯಲ್ಲಿ. ಅವರ ನೆಲ ಕೈಬಿಟ್ಟಿತು. ಕೆನಡಾದಲ್ಲಿ ಮಕ್ಕಳನ್ನು ತಾಯ್ತಂದೆಗಳಿಂದ ಅಗಲಿಸಿ ವಸತಿಶಾಲೆಗಳಲ್ಲಿಟ್ಟು ಅವರ ಭಾಷೆಯನ್ನು ಅಡಗಿಸಲಾಯಿತು. ಇಂಥ ಶಾಲೆಗಳಲ್ಲಿ ಕೊನೆಯದು ಮುಚ್ಚಿದ್ದು 1990ರ ದಶಕದಲ್ಲಿ.

ಹೊರಗಿನವರೇ ಸೂತ್ರ ಹಿಡಿದಾಗ ಏನಾಗುವುದೆಂಬುದಕ್ಕೆ ಅಲಾಸ್ಕದ ಬ್ಯಾರೋ ಎಂಬ ಊರು ಸಾಕ್ಷಿ. (2016ರಲ್ಲಿ ಊರಿನವರು ಮತ ನೀಡಿ ಅದಕ್ಕೆ ಉಟ್ಕಿಯಾಗ್ವಿಕ್ ಎಂಬ ಹಳೆಯ ಹೆಸರನ್ನೇ ಮರಳಿ ಕೊಟ್ಟರು.) 1979ರಲ್ಲಿ ಸಂಶೋಧಕರು ಅಲ್ಲಿನ 88 ಮಂದಿ ಇನ್ಯುಪಿಯಾಟರನ್ನು ಪ್ರಶ್ನಿಸಿ, ನೂರಕ್ಕೆ 72ರಷ್ಟು ಜನರಲ್ಲಿ ಕುಡಿತದ ತೊಂದರೆಯಿದೆಯೆಂದು ಲೆಕ್ಕ ಹಾಕಿದರು. ಆ ಪ್ರಶ್ನಾವಳಿಯಾದರೋ ಬೇರೊಂದು ಸಮಾಜಕ್ಕಾಗಿ ರಚಿತವಾದುದು. 1980ರ ಜನವರಿಯಲ್ಲಿ ಆ ಫಲಿತಾಂಶವು ಸಾವಿರಾರು ಮೈಲಿ ದೂರದ ಫಿಲಡೆಲ್ಫಿಯಾದಲ್ಲಿ ಪತ್ರಕರ್ತರ ಕೈ ಸೇರಿತು. ಮರುಗಳಿಗೆಯೇ ದೊಡ್ಡ ಪತ್ರಿಕೆಗಳಲ್ಲಿ ಊರಿನ ಮಾನ ಹರಾಜಾಯಿತು. ಸಾಲ ಎತ್ತುವ ಅದರ ಯೋಗ್ಯತೆಯೂ ಕುಗ್ಗಿತೆಂದು ದಾಖಲಾಗಿದೆ. ಜನ ಅವಮಾನದಿಂದ ಕುದಿದರು. ಅಂಕಿಗಳು ದೊರೆತುವು, ಕುಡಿತವನ್ನು ಬಿಡಿಸುವ ದಾರಿ ಮಾತ್ರ ದೊರೆಯಲಿಲ್ಲ.

ಇದಕ್ಕೆ ಪ್ರತಿಯಾಗಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಆಲ್ಕಲಿ ಲೇಕ್ ಎಂಬ ಹಳ್ಳಿಯನ್ನು ನೋಡೋಣ. 1970ರ ದಶಕದ ಆರಂಭದಲ್ಲಿ ಅಲ್ಲಿ ಕುಡಿಯದವರೇ ವಿರಳ. ಫಿಲಿಸ್ ಚೆಲ್ಸಿ ಎಂಬ ತಾಯಿಯ ಏಳು ವರ್ಷದ ಮಗಳು, ಕುಡಿತವಿರುವ ಮನೆಗೆ ತಾನು ಬಾರೆನೆಂದು ಅಜ್ಜಿಯ ಮನೆಯಲ್ಲೇ ನಿಂತಳು. ತಾಯಿ ಅಂದೇ ಕುಡಿತ ತೊರೆದಳು. ಸ್ವಲ್ಪ ಕಾಲದಲ್ಲಿ ಪತಿ ಆಂಡಿಯೂ ಆಕೆಯನ್ನು ಅನುಸರಿಸಿ, ಮುಂದೆ ಆ ಹಳ್ಳಿಯ ಮುಖ್ಯಸ್ಥನಾದನು. ಕಳ್ಳತನದಿಂದ ಮದ್ಯ ಮಾರುವವರನ್ನು ಅವರು ಹೊರಹಾಕಿದರು. ಚಿಕಿತ್ಸೆಗೆ ಹೋದವರ ಮಕ್ಕಳನ್ನು ನೆರೆಯವರು ಸಲಹಿದರು, ಮನೆಯನ್ನು ದುರಸ್ತಿ ಮಾಡಿದರು. ಹಿಂದಿರುಗಿದವರಿಗೆ ಕೆಲಸ ಕಾದಿರುತ್ತಿತ್ತು. 1980ರ ದಶಕದ ನಡುವಿನ ವೇಳೆಗೆ ನೂರಕ್ಕೆ 95 ಮಂದಿ ಕುಡಿತ ಬಿಟ್ಟಿದ್ದರೆಂದು ಆ ಹಳ್ಳಿಗರೇ ಸಾರಿದರು.

ಇಂಥ ಅನುಭವವುಳ್ಳವರೇ ಸಮ್ಮೇಳನವನ್ನು ಏರ್ಪಡಿಸಿದರೆ ಹೇಗೆ? ಕೆನಡಾದ ಆಲ್ಬರ್ಟ ಪ್ರಾಂತದಲ್ಲಿ ನೆಚಿ ಎಂಬ ಸಂಸ್ಥೆ 1974ರಿಂದ ಮೂಲನಿವಾಸಿಗಳನ್ನೇ ಚಟಬಿಡಿಸುವ ಸಲಹೆಗಾರರನ್ನಾಗಿ ತರಬೇತುಗೊಳಿಸುತ್ತಿತ್ತು. ಅದನ್ನು ನಡೆಸಿದ ಮ್ಯಾಗಿ ಹಾಡ್ಗ್‌ಸನ್ ಅವರು ಕ್ಯಾರಿಯರ್ ಜನಾಂಗದವರು. ಅವರ ಪ್ರೇರಣೆಯಿಂದ 1992ರಲ್ಲಿ ಎಡ್ಮಂಟನ್ ನಗರದಲ್ಲಿ ‘ಹೀಲಿಂಗ್ ಅವರ್ ಸ್ಪಿರಿಟ್ ವರ್ಲ್ಡ್‌ವೈಡ್’ ಎಂಬ ಮೊದಲ ಸಮ್ಮೇಳನ ನೆರೆಯಿತು. ಮುಂದೆ ಅದು 1994ರಲ್ಲಿ ಸಿಡ್ನಿ, 1998ರಲ್ಲಿ ನ್ಯೂಜಿಲೆಂಡಿನ ರೊಟೊರುವ, 2002ರಲ್ಲಿ ಆಲ್ಬುಕರ್ಕಿ, 2010ರಲ್ಲಿ ಹೊನೊಲುಲು ಹೀಗೆ ಒಂದು ನಾಡಿನಿಂದ ಇನ್ನೊಂದು ನಾಡಿಗೆ ಸಾಗಿತು.

ಸೂತ್ರ ಕೈಬದಲಾದೊಡನೆ ಬದಲಾಗುವುದೇನು? ಮೊದಲು, ಪ್ರಶ್ನೆ ಬದಲಾಗುತ್ತದೆ. ‘ಇವರು ಏಕೆ ಇಷ್ಟು ಕುಡಿಯುತ್ತಾರೆ?’ ಎಂಬುದರ ಬದಲು ‘ಬಿಟ್ಟವರು ಹೇಗೆ ಬಿಟ್ಟರು?’ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಎರಡನೆಯದಾಗಿ, ಪಂಡಿತನ ಪಕ್ಕದಲ್ಲಿ ಜನಾಂಗದ ಹಿರಿಯರಿಗೂ ವೇದಿಕೆ ದೊರೆಯುತ್ತದೆ. ಮೂರನೆಯದಾಗಿ, ಅಂಕಿ ಅಂಶಗಳು ಹೊರಬೀಳುವ ಮುನ್ನ ಅವುಗಳ ಅರ್ಥವನ್ನು ಅನುಭವಸ್ಥರು ತೂಗಿ ನೋಡುತ್ತಾರೆ. ಆದರೆ ಒಂದು ಎಚ್ಚರ: ಸಭೆ ಪೂರ್ತಿ ಸಿದ್ಧವಾದ ಮೇಲೆ ಪ್ರಾರ್ಥನೆಗೆಂದು ಒಬ್ಬ ಹಿರಿಯರನ್ನು ಕರೆತಂದರೆ ಅದು ನಾಯಕತ್ವವಲ್ಲ, ಅಲಂಕಾರ. ವಿಷಯ, ಸ್ಥಳ, ಹಣ, ಭಾಷಣಕಾರರು ಇವೆಲ್ಲ ನಿಶ್ಚಯವಾಗುವ ಮೊದಲ ದಿನವೇ ಅವರು ಅಲ್ಲಿರಬೇಕು.

ಹಾಗೆಂದು ವೈದ್ಯವಿಜ್ಞಾನ ಬೇಡವೆಂದು ನಾವು ಹೇಳುತ್ತಿಲ್ಲ. ಬಹುಕಾಲ ವಿಪರೀತ ಕುಡಿದವನು ಹಠಾತ್ತನೆ ನಿಲ್ಲಿಸಿದರೆ ನಡುಕ, ಸೆಳವು, ಭ್ರಾಂತಿ ತೋರಿ ಪ್ರಾಣಕ್ಕೇ ಅಪಾಯವಾಗಬಹುದು. ಅಲ್ಲಿ ವೈದ್ಯನೇ ಬೇಕು. ಆದರೆ ಆಸ್ಪತ್ರೆಯಿಂದ ಮರಳಿದವನು ಮತ್ತೆ ಸೀಸೆಯನ್ನು ಮುಟ್ಟದಂತೆ ಕಾಯುವುದು ಅವನ ಮನೆ, ಅವನ ಊರು. ಈ ಎರಡು ಬಗೆಯ ಅರಿವುಗಳೂ ಒಂದೇ ಪಂಕ್ತಿಯಲ್ಲಿ ಕೂರಬೇಕು.

ಇದನ್ನೋದುವ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಪ್ರಶ್ನಾವಳಿ ಹಿಡಿದು ಯಾವುದೋ ಊರಿಗೆ ಹೋಗುವವರು. ಕಾಗದವನ್ನು ಬಿಡಿಸುವ ಮುನ್ನ, ಅದರಲ್ಲಿ ಏನನ್ನು ಕೇಳಬೇಕೆಂದು ಆ ಊರಿನವರನ್ನೇ ಕೇಳಿದರೆ ಅವರ ವಿಜ್ಞಾನಕ್ಕೆ ಕುಂದಿಲ್ಲ. ಅದು ಇನ್ನಷ್ಟು ನಿಜವಾಗುವುದೆಂದೇ ನಾವು ನಂಬುತ್ತೇವೆ.