ವಜ್ರದ ಆಕಾರ ಮತ್ತು ಗುಣ: ಪ್ರಾಚೀನ ಲಕ್ಷಣಗಳ ವಿಚಾರ

ಬಾದಾಮಿಯ ಚಾಲುಕ್ಯರ ಪರಂಪರೆಯವರೆಂದು ಹೇಳಿಕೊಂಡ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು (ಆಳ್ವಿಕೆ ಕ್ರಿ. ಶ. ೧೧೨೬-೧೧೩೮) ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜಕೋಶದ ಪ್ರಸ್ತಾವದೊಡನೆ ರತ್ನಪರೀಕ್ಷೆಯನ್ನೂ ನಿರೂಪಿಸಿದ್ದಾನೆ. ಇಂತಹ ಗ್ರಂಥಗಳನ್ನು ಓದುವಾಗ ವಿದ್ಯಾರ್ಥಿಗಳು ವಜ್ರವೆಂದೊಡನೆ ಇಂದಿನ ಆಭರಣಗಳಲ್ಲಿನ, ಸಾಣೆ ಹಿಡಿದ ಬಹುಮುಖದ ಹರಳನ್ನು ಕಲ್ಪಿಸಿಕೊಳ್ಳುವುದುಂಟು. ಇದು ಸಾಧುವಲ್ಲ.

ಗರುಡಪುರಾಣದ ರತ್ನಪರೀಕ್ಷಾಭಾಗವು ಉತ್ತಮ ವಜ್ರಕ್ಕೆ ಆರು ಮೂಲೆ, ಎಂಟು ಮುಖ, ಹನ್ನೆರಡು ಅಂಚುಗಳನ್ನು ವಿಧಿಸುತ್ತದೆ. ಚೌಕತಳದ ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಸೇರಿಸಿದರೆ ದೊರೆಯುವ ಆಕೃತಿಯೇ ಇದು. ಸ್ಫಟಿಕವಿಜ್ಞಾನದಲ್ಲಿ ಇದಕ್ಕೆ ಅಷ್ಟಮುಖಿಯೆಂದು ಹೆಸರು. ಎಂದರೆ, ಇಲ್ಲಿ ಗುಣವೆಂದು ಎಣಿಸಿದ್ದು ಗಣಿಯಲ್ಲಿ ದೊರೆತ ಸಹಜರೂಪವನ್ನು, ಸಾಣೆಗಾರನ ಕೌಶಲವನ್ನಲ್ಲ. ಇಂದಿನ ದುಂಡು ‘ಬ್ರಿಲಿಯಂಟ್’ ಹರಳಿಗೆ ೫೭ ಅಥವಾ ೫೮ ಮುಖಗಳಿರುತ್ತವೆ. ಅದರ ಪ್ರಮಾಣಗಳನ್ನು ಮಾರ್ಸೆಲ್ ಟೋಲ್ಕೋವ್‌ಸ್ಕಿ ಗಣಿತದ ಮೂಲಕ ಪ್ರತಿಪಾದಿಸಿದ್ದು ೧೯೧೯ರಲ್ಲಿ.

ಆದರೆ ಶಾಸ್ತ್ರೋಕ್ತಿಗಳೆಲ್ಲವೂ ಪ್ರತ್ಯಕ್ಷಾನುಭವದಿಂದ ಹುಟ್ಟಿದವಲ್ಲ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯು ಶುಭವಜ್ರವು ಯಾವ ವಸ್ತುವಿನಿಂದಲೂ ಭೇದಿಸಲಾಗದ್ದು, ಕಾಂತಿಯುತವಾದದ್ದು, ನೀರಿನಲ್ಲಿ ತೇಲುವಂಥದ್ದು ಎನ್ನುತ್ತದೆ. ಕಾಂತಿ ಕಣ್ಣಿಗೆ ಕಾಣುವ ಗುಣ. ಕಾಠಿಣ್ಯದ ಮಾತಿಗೂ ಅನುಭವದ ಆಧಾರವುಂಟು. ಆದರೆ ವಜ್ರವು ಸಮಗಾತ್ರದ ನೀರಿಗಿಂತ ಸುಮಾರು ೩.೫ ಪಟ್ಟು ಭಾರವಾದುದರಿಂದ ತೇಲುವ ಮಾತು ನಿಲ್ಲದು.

ಆದುದರಿಂದ ಪ್ರಾಚೀನ ವಜ್ರಲಕ್ಷಣಗಳನ್ನು ನಾವು ಸಾರಾಸಗಟಾಗಿ ನಂಬಲೂ ಬಾರದು, ತಳ್ಳಿಹಾಕಲೂ ಬಾರದು. ಕಂಡದ್ದನ್ನೂ ನಂಬಿದ್ದನ್ನೂ ಬೇರ್ಪಡಿಸಿ ಓದುವುದೇ ಇತಿಹಾಸಾಭ್ಯಾಸಿಗಳ ಕರ್ತವ್ಯವಾಗಿದೆ.