ಕತ್ತಿನ ಚಿಟ್ಟೆ, ಕಾಂಗ್ರಾದ ಉಪ್ಪು

ದೆಹಲಿಯ ಏಮ್ಸ್‌ನಲ್ಲಿ ಬಹುಕಾಲ ದುಡಿದ ರೋಗಶಾಸ್ತ್ರಜ್ಞ ವಿ. ರಾಮಲಿಂಗಸ್ವಾಮಿ ಅವರನ್ನು ಕಾಡಿದ್ದು ಹಿಮಾಲಯದ ತಪ್ಪಲಿನ ಜನರ ಊದಿದ ಕತ್ತು. ಗಳಗಂಡ.

ಕತ್ತಿನ ಮುಂದೆ ಚಿಟ್ಟೆಯಂತೆ ಕೂತ ಥೈರಾಯ್ಡ್‌ಗೆ ಹಾರ್ಮೋನ್ ತಯಾರಿಸಲು ಅಯೋಡಿನ್ ಬೇಕು. ಬೆಟ್ಟದ ಮಣ್ಣಿನಿಂದ ಮಳೆ, ಹಿಮ ಅದನ್ನು ತೊಳೆದೊಯ್ದಿದ್ದವು. ಸಿಗದ ಅಯೋಡಿನ್‌ಗಾಗಿ ಹೆಣಗಿ ಗ್ರಂಥಿಯೇ ಉಬ್ಬುತ್ತಿತ್ತು. ಗರ್ಭಿಣಿಗೆ ತೀವ್ರ ಕೊರತೆಯಾದರೆ ಮಗುವಿನ ಮಿದುಳೇ ಸೊರಗುತ್ತದೆ. ದೊಡ್ಡ ನಷ್ಟ ಅದು.

1956ರಲ್ಲಿ ಅದೇ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ರಾಮಲಿಂಗಸ್ವಾಮಿ ಮತ್ತು ಸಂಗಡಿಗರ ಪ್ರಯೋಗ ಶುರುವಾಯಿತು. ಎರಡು ವಲಯಗಳಿಗೆ ಅಯೋಡಿನ್ ಬೆರೆತ ಉಪ್ಪು, ಒಂದಕ್ಕೆ ಸಾದಾ ಉಪ್ಪು. ಅಯೋಡಿನ್ ಸಿಕ್ಕ ಕಡೆ ಗಳಗಂಡ ಇಳಿಯಿತು, ಇನ್ನೊಂದೆಡೆ ಇಳಿಯಲಿಲ್ಲ. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವೇ ಬಂತು.

ಆದರೆ ಕತ್ತಿನ ಎಲ್ಲ ಗ್ರಂಥಿಗೂ ಈ ಉಪ್ಪು ಉತ್ತರವಲ್ಲ. ಥೈರಾಯ್ಡ್ ಬೆನ್ನಿಗಂಟಿದ, ಅಕ್ಕಿಕಾಳಿನಷ್ಟು ಪುಟ್ಟ ನಾಲ್ಕು ಪ್ಯಾರಾಥೈರಾಯ್ಡ್‌ಗಳ ಕೆಲಸವೇ ಬೇರೆ: ರಕ್ತದ ಕ್ಯಾಲ್ಸಿಯಂ ಕಾಯುವುದು. ಅವು ಮಿತಿಮೀರಿ ದುಡಿದರೆ ಮೂಳೆ ಸವೆಯುತ್ತದೆ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಬಹುದು. ಆ ತೊಂದರೆಗೆ ಅಯೋಡಿನ್ ಉಪ್ಪು ಮದ್ದಲ್ಲ.