ಯಾದವಗಿರಿಯ ಹೊಗೆ

ಯಜಮಾನರು ಸಿಗರೇಟು ಸೇದುವವರಲ್ಲ. ಆದರೂ ಅವರ ಖಾಕಿ ಅಂಗಿಯ ಜೇಬಿನಲ್ಲಿ ಸಿಗರೇಟು ಪ್ಯಾಕಿನೊಳಗಿನ ಜರಿ ಹಾಳೆ ಯಾವಾಗಲೂ ನಾಲ್ಕು ಮಡಿಕೆಯಾಗಿ ಕೂತಿರುತ್ತದೆ. ಬೀದಿ ಕೊನೆಯ ಪೆಟ್ಟಿಗೆ ಅಂಗಡಿಯವನು ಖಾಲಿ ಪ್ಯಾಕುಗಳನ್ನು ಇವರಿಗೆಂದೇ ಎತ್ತಿಡುತ್ತಾನಂತೆ. ನಾನು ಮೈಸೂರಿನ ಆ ಗ್ಯಾರೇಜಿಗೆ ಹೋಗಿದ್ದು ಜಾವಾ ಗಾಡಿಗಳ ಬಗ್ಗೆ ಬರೆಯಲಿಕ್ಕೆ. ಹೋದವನು ಬೆಳಗಿನ ಅರ್ಧ ಹೊತ್ತು ಆ ಕಾಗದದ ಚೂರನ್ನೇ ನೋಡುತ್ತ ಕುಳಿತುಬಿಟ್ಟೆ.

ಗ್ಯಾರೇಜು ಅಂದರೆ ದೊಡ್ಡ ಕಲ್ಪನೆ ಬೇಡ. ಒಂದು ತಗಡಿನ ಮಾಡು, ಅದರ ಮುಂದೊಂದು ಹೊಂಗೆ ಮರ, ಮರದ ಕೆಳಗೆ ಸಾಲಾಗಿ ಏಳೆಂಟು ಗಾಡಿ. ಗೋಡೆಯ ಮೊಳೆಗಳಲ್ಲಿ ಕಾರ್ಕಿನ ಕ್ಲಚ್ ಪ್ಲೇಟುಗಳು ಬಳೆ ಅಂಗಡಿಯ ಬಳೆಗಳ ಹಾಗೆ ನೇತಾಡುತ್ತಿರುತ್ತವೆ. ಹೊರಗೆ ಹೆಸರಿನ ಬೋರ್ಡಿಲ್ಲ. ‘ಜಾವಾ ಯಜಮಾನ್ರು ಎಲ್ಲಿ?’ ಎಂದರೆ ಬೀದಿಯ ಹುಡುಗರು ಕೈತೋರುತ್ತಾರೆ. ಲೇಖನಕ್ಕೆ ಹೆಸರು ಕೇಳಿದೆ. ‘ನನ್ ಹೆಸ್ರು ತಗೊಂಡು ಏನ್ ಮಾಡ್ತೀರಿ ಸ್ವಾಮಿ, ಗಾಡಿ ಹೆಸ್ರು ಬರೀರಿ ಸಾಕು’ ಎಂದರು. ಆದ್ದರಿಂದ ಇಲ್ಲಿ ಅವರು ಬರೀ ಯಜಮಾನರು.

ಮೊದಲು ಗಾಡಿಯ ಹೆಸರಿನ ಕತೆಯನ್ನೇ ಹೇಳಿಬಿಡುತ್ತೇನೆ. ಜೆಕ್ ನಾಡಿನಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ತಯಾರಕ ಇದ್ದ. 1929ರಲ್ಲಿ ಅವನು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ಲಿನ ವಿನ್ಯಾಸ ಕೊಂಡುಕೊಂಡ. ತನ್ನ ಹೆಸರಿನ ಮೊದಲೆರಡು ರೋಮನ್ ಅಕ್ಷರ (Ja), ವಾಂಡರರ್‌ನ ಮೊದಲೆರಡು ಅಕ್ಷರ (Wa) ಸೇರಿಸಿದ, ಜಾವಾ ಆಯಿತು. ಇದು ಮೈಸೂರಿಗೆ ಬಂದಿದ್ದು ಇರಾನಿ ಮನೆತನದಿಂದ. ರುಸ್ತುಂ ಇರಾನಿ, ಫಾರೂಖ್ ಇರಾನಿ ಅವರ ಐಡಿಯಲ್ ಜಾವಾ ಕಂಪನಿ ಯಾದವಗಿರಿಯಲ್ಲಿ ಕಾರ್ಖಾನೆ ಕಟ್ಟಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರ ಹೊತ್ತಿಗೆ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಇರಾನಿನ ಯಜ್ದ್ ಊರಿನ ನೆನಪು ಆ ಹೆಸರಿನಲ್ಲಿದೆ. ‘ಮೈಸೂರು ರಾಜ್ಯ ಕರ್ನಾಟಕ ಆದ ವರ್ಷಾನೇ ನಮ್ ಗಾಡಿಗೂ ನಾಮಕರಣ ಆಯ್ತು ನೋಡಿ. ಹೆಸ್ರು ಬದಲಾಯ್ತು, ಒಳಗಿರೋದು ಅದೇ’ ಎನ್ನುತ್ತಾರೆ ಯಜಮಾನರು. ಅದರ ಮರುವರ್ಷವೇ ಅವರು ಎಂಜಿನ್ ಜೋಡಿಸುವ ವಿಭಾಗಕ್ಕೆ ಹುಡುಗನಾಗಿ ಸೇರಿದ್ದು. 1996ರಲ್ಲಿ ಕಾರ್ಖಾನೆ ನಿಲ್ಲುವವರೆಗೂ ಅಲ್ಲೇ ಇದ್ದರು.

ಈ ಗಾಡಿಯನ್ನು ಓಡಿಸದವರಿಗೆ ಅದರ ಒಂದು ಚಮತ್ಕಾರ ಹೇಳಲೇಬೇಕು. ಎಡಗಾಲಿನ ಕಡೆ ಇರುವುದು ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್. ಗಾಡಿ ಸ್ಟಾರ್ಟಾದ ಮೇಲೆ ಮುಂದಕ್ಕೆ ಬಾಗಿಸಿದರೆ ಅದೇ ಗೇರ್. ಅಷ್ಟೇ ಅಲ್ಲ, ಗೇರ್ ಹಾಕಲು ಕಾಲಿನಿಂದ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತದೆ; ಕೈಯಲ್ಲಿ ಹಿಡಿಯಲೇಬೇಕೆಂದಿಲ್ಲ. ಕ್ಲಚ್ ವೈರು ತುಂಡಾದರೂ ಮನೆ ಸೇರಬಹುದಿತ್ತು ಎಂದು ಹಳಬರು ಈಗಲೂ ಹೊಗಳುತ್ತಾರೆ. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಸ್ಪೀಡೋಮೀಟರು ಹೆಡ್‌ಲೈಟಿನ ಬುರುಡೆಯೊಳಗೇ ಕೂತಿರುತ್ತದೆ. ಹಿಂದಿನ ಚೈನು ಹೊರಗೆ ಕಾಣುವುದೇ ಇಲ್ಲ, ಪೂರ್ತಿ ಕವಚದೊಳಗೆ. ಪಂಚೆ ಉಟ್ಟವರಿಗೂ ಸೀರೆ ಉಟ್ಟವರಿಗೂ ಇದರಿಂದ ಆದ ಉಪಕಾರ ಸಣ್ಣದಲ್ಲ.

ಇನ್ನು ಆ ಕಾಗದ.

ನಾನು ಹೋದ ದಿನ ಇಲವಾಲದ ಕಡೆಯ ಹಾಲಿನವರೊಬ್ಬರು ತಮ್ಮ ಯೆಜ್ಡಿ ತಳ್ಳಿಕೊಂಡು ಬಂದಿದ್ದರು. ಎರಡೂ ಪಕ್ಕಕ್ಕೆ ಕ್ಯಾನು ನೇತುಹಾಕುವ ಕೊಕ್ಕೆ ಬೆಸೆದ ಗಾಡಿ. ಬಣ್ಣ ಯಾವುದಿತ್ತೆಂದು ಈಗ ಹೇಳುವಂತಿಲ್ಲ. ‘ಏರಿನಲ್ಲಿ ಎಳೀತಿಲ್ಲ ಯಜಮಾನ್ರೇ, ಕೆಮ್ಮುತ್ತೆ’ ಎಂದರು. ಯಜಮಾನರು ಏನೂ ಕೇಳಲಿಲ್ಲ. ಬಲಗಡೆಯ ಕವರ್ ಬಿಚ್ಚಿದರು. ಒಳಗೆ ಡೈನಮೋ, ಅದರ ತುದಿಯಲ್ಲಿ ಪಾಯಿಂಟ್ಸ್. ಪಾಯಿಂಟ್ಸ್ ಅಂದರೆ ಒಂದಕ್ಕೊಂದು ಮುತ್ತಿಡುವ ಎರಡು ಪುಟ್ಟ ಲೋಹದ ಗುಂಡಿಗಳು. ಅವು ಬಿಟ್ಟುಕೊಳ್ಳುವ ಆ ಕ್ಷಣಕ್ಕೇ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಿಸ್ಟನ್ನು ಪೂರ್ತಿ ಮೇಲೇರುವುದಕ್ಕೆ ಕೆಲವೇ ಮಿಲಿಮೀಟರ್ ಮುಂಚೆ ಅದು ಆಗಬೇಕು. ಮುಂಚೆಯಾದರೆ ಕಿಕ್ಕರ್ ತಿರುಗಿ ಕಾಲಿಗೆ ಹೊಡೆಯುತ್ತದೆ, ತಡವಾದರೆ ಗಾಡಿ ಎತ್ತಿನ ಹಾಗೆ ನಿಂತುಬಿಡುತ್ತದೆ.

ಪ್ಲಗ್ ತೆಗೆದು ಆ ತೂತಿಗೆ ಅವರು ತಮ್ಮದೇ ಒಂದು ಉಪಕರಣ ತಿರುಗಿಸಿದರು. ಹಳೇ ಪ್ಲಗ್ಗಿನ ಹೊಟ್ಟೆ ಬಗೆದು ಅದರೊಳಗೆ ಸೈಕಲ್ಲಿನ ಕಡ್ಡಿ ತೂರಿಸಿದ್ದಾರೆ. ಕಡ್ಡಿಯ ಮೇಲೆ ಅರದಿಂದ ಗೀರಿದ ಎರಡು ಗುರುತು. ಪಿಸ್ಟನ್ನು ಏರಿದಂತೆ ಕಡ್ಡಿಯೂ ಮೇಲೆ ಬರುತ್ತದೆ. ಆಮೇಲೆ ಜೇಬಿಗೆ ಕೈಹಾಕಿ ಜರಿ ಹಾಳೆಯ ಒಂದು ಅಂಚು ಹರಿದು, ಪಾಯಿಂಟ್ಸ್ ನಡುವೆ ಸಿಕ್ಕಿಸಿ, ಹೆಬ್ಬೆರಳು ತೋರುಬೆರಳಲ್ಲಿ ಅದರ ತುದಿ ಹಿಡಿದು ಹಗುರಾಗಿ ಜಗ್ಗುತ್ತ, ಇನ್ನೊಂದು ಕೈಯಲ್ಲಿ ಎಂಜಿನ್ನನ್ನು ಕೂದಲೆಳೆಯಷ್ಟೇ ತಿರುಗಿಸತೊಡಗಿದರು. ಕಾಗದ ಬಿಗಿಯಾಗಿತ್ತು. ಇನ್ನೊಂದಿಷ್ಟು. ಬಿಗಿಯೇ. ಇನ್ನೂ ಒಂದಿಷ್ಟು. ಕಾಗದ ಸರಕ್ಕನೆ ಅವರ ಕೈಗೆ ಬಂತು. ಕಡ್ಡಿ ನೋಡಿದರು. ಗುರುತು ಇನ್ನೂ ಕೆಳಗಿತ್ತು. ಪ್ಲೇಟಿನ ಸ್ಕ್ರೂ ಸಡಿಲಿಸಿ, ಸರಿಸಿ, ಬಿಗಿಮಾಡಿ ಮತ್ತೆ ಕಾಗದ. ಹೀಗೆ ಐದು ಸಲ. ಆರನೆಯದಕ್ಕೆ ಕಾಗದ ಬಿಡುವುದಕ್ಕೂ ಗುರುತು ಬರುವುದಕ್ಕೂ ಸರಿಹೋಯಿತು.

‘ನೀವು ಹಿಡೀರಿ’ ಎಂದು ನನ್ನ ಕೈಗೂ ಕೊಟ್ಟರು. ಹಿಡಿದೆ. ನನಗೆ ಗೊತ್ತಾಗಿದ್ದು ಕಾಗದ ಹರಿದದ್ದು ಮಾತ್ರ. ಹಾಲಿನವರು ನಕ್ಕರು. ಯಜಮಾನರು ನಗಲಿಲ್ಲ. ‘ಜಗ್ಗಬಾರದು ಸ್ವಾಮಿ. ಅದು ಬಿಡೋವರೆಗೂ ಕಾಯಬೇಕು’ ಎಂದು ಇನ್ನೊಂದು ಚೂರು ಹರಿದರು.

ಟೈಮಿಂಗ್ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಅವರ ಬಳಿ ಒಂದು ಕತೆಯಿದೆ. ಟೂ ಸ್ಟ್ರೋಕ್ ಎಂಜಿನ್ನು ಹಿಂದುಮುಂದಾಗಿಯೂ ತಿರುಗಬಲ್ಲದು. ಒಮ್ಮೆ ಒಬ್ಬ ಗಿರಾಕಿ, ಹೊಸದಾಗಿ ಮದುವೆಯಾದವರು, ಹೆಂಡತಿಯನ್ನು ಕೂರಿಸಿಕೊಂಡು ಗಾಡಿಗೆ ಕಿಕ್ ಹೊಡೆದರಂತೆ. ಗಾಡಿ ಒಮ್ಮೆ ಒದ್ದು, ಉಲ್ಟಾ ತಿರುಗಿ ಸ್ಟಾರ್ಟಾಯಿತು. ಸದ್ದಿನಲ್ಲಿ ಅಷ್ಟೇನೂ ವ್ಯತ್ಯಾಸ ತಿಳಿಯಲಿಲ್ಲ. ಫಸ್ಟ್ ಗೇರ್ ಹಾಕಿ ಬಿಟ್ಟರು. ಗಾಡಿ ಹಿಂದಕ್ಕೆ ಹೊರಟಿತು. ಹಿಂದೆ ಇದ್ದದ್ದು ಸೊಪ್ಪಿನ ಗಾಡಿ. ‘ಆಯಮ್ಮ ಕೊತ್ತಂಬರಿ ಮಧ್ಯೆ ಕೂತಿದ್ರು’ ಎಂದು ಹೇಳಿ ಯಜಮಾನರು ಅಂದು ಮೊದಲ ಸಲ ನಕ್ಕರು.

ಹಳೇ ಗಾಡಿಯನ್ನು ಮತ್ತೆ ಮೊದಲಿನಂತೆ ಮಾಡುವ ಉಳಿದ ಕೆಲಸವನ್ನು ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಪೂರ್ತಿ ಬಿಚ್ಚುವುದು, ತುಕ್ಕು ಕೆರೆಯುವುದು, ಸಿಲಿಂಡರನ್ನು ಬೋರಿಂಗ್‌ಗೆ ಕಳಿಸುವುದು, ಕ್ರ್ಯಾಂಕನ್ನು ಪ್ರೆಸ್‌ನಲ್ಲಿ ಬಿಡಿಸಿ ಹೊಸ ಕನೆಕ್ಟಿಂಗ್ ರಾಡ್ ಹಾಕುವುದು, ಆಯಿಲ್ ಸೀಲ್ ಬದಲಿಸುವುದು. ಈ ಸೀಲ್ ಸೋತರೆ ಗೇರ್‌ಬಾಕ್ಸಿನ ಎಣ್ಣೆಯನ್ನು ಎಂಜಿನ್ನು ಎಳೆದುಕೊಂಡು ಸೊಳ್ಳೆಗೆ ಹೊಗೆ ಬಿಟ್ಟ ಹಾಗೆ ಹೊಗೆ ಕಾರುತ್ತದಂತೆ. ಕ್ರೋಮ್, ಬಣ್ಣ ಎಲ್ಲ ಬೇರೆಯವರ ಕೆಲಸ. ಟ್ಯಾಂಕಿನ ಅಂಚಿಗೆ ಎಳೆಯುವ ಬಂಗಾರದ ಗೆರೆಯ ಬಗ್ಗೆ ಮಾತ್ರ ಅವರಿಗೆ ಹಟ: ಸ್ಟಿಕ್ಕರ್ ಅಂಟಿಸಬಾರದು, ಕುಂಚದಲ್ಲೇ ಎಳೆಯಬೇಕು. ನಡುಗದ ಕೈ ಈಗ ಊರಿನಲ್ಲಿ ಹುಡುಕಬೇಕಾಗಿದೆ.

ಕಾರ್ಖಾನೆ ಯಾಕೆ ನಿಂತಿತು? ಎಂಬತ್ತರ ದಶಕದ ನಡುವೆ ಜಪಾನಿ ಕಂಪನಿಗಳ ಸಹಯೋಗದ 100 ಸಿಸಿಯ ಬೈಕುಗಳು ಬಂದವು. ಮೈಲೇಜು ಹೆಚ್ಚು, ತೂಕ ಕಡಿಮೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸುವ 250 ಸಿಸಿಯ ಯೆಜ್ಡಿ, ರೋಡ್‌ಕಿಂಗ್ ಎಂಬ ರಾಜನ ಹೆಸರು ಹೊತ್ತೂ ಪೆಟ್ರೋಲ್ ಬಂಕಿನಲ್ಲಿ ಸೋತಿತು. 350 ಸಿಸಿಯ ಟ್ವಿನ್ ಕೂಡ ಬಂತು; ಹೆಚ್ಚು ಮಂದಿ ಕೊಳ್ಳಲಿಲ್ಲ. ಅಂದು ಯಾರೂ ಕೊಳ್ಳದ ಆ ಗಾಡಿಗಾಗಿಯೇ ಇಂದು ಸಂಗ್ರಾಹಕರು ಗುಜರಿ ಗುಜರಿ ತಡಕುತ್ತಿದ್ದಾರೆ. 1996ರಲ್ಲಿ ಹೊಗೆಯ ಕಾನೂನು ಬಿಗಿಯಾದ ಕಾಲಕ್ಕೆ ಯಾದವಗಿರಿಯ ಸದ್ದು ಅಡಗಿತು. ‘ಅಷ್ಟು ಹೊತ್ತಿಗೆ ನನಗೂ ಗೊತ್ತಿತ್ತು. ನಮ್ಮನೇಲೇ ನಮ್ ಭಾಮೈದ ಜಪಾನ್ ಗಾಡಿ ತಂದಿದ್ದ’ ಎಂದರು ಯಜಮಾನರು. ಮಾತಿನಲ್ಲಿ ಕೋಪವಿರಲಿಲ್ಲ.

ಈಗ ಕಾಲ ತಿರುಗಿದೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಅಂದು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ನೂರಾರು ಗಾಡಿಗಳು ಒಟ್ಟಿಗೆ ಸೇರುತ್ತವೆ. 2018ರಲ್ಲಿ ಜಾವಾ ಹೆಸರು ಹೊಸ ಬೈಕಿನ ಮೇಲೆ ಮರಳಿತು, 2022ರಲ್ಲಿ ಯೆಜ್ಡಿಯೂ ಬಂತು. ಆದರೆ ಅವು ಫೋರ್ ಸ್ಟ್ರೋಕ್, ಹುಟ್ಟುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. 50 ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಿ ‘ವಿಎ’ ಅಕ್ಷರದ ನಂಬರ್ ಪ್ಲೇಟು ಕೊಡುವ ನಿಯಮ 2021ರಲ್ಲಿ ಬಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಸಂಗ್ರಾಹಕರಿಗೆ ಇದು ಮರ್ಯಾದೆ. ಹಾಲಿನವರ ಯೆಜ್ಡಿಗೆ ಇದರಿಂದ ಏನೂ ಆಗಬೇಕಾದ್ದಿಲ್ಲ.

ಯಾದವಗಿರಿಯಲ್ಲೇ ಆರ್.ಕೆ. ನಾರಾಯಣ್ ಕಟ್ಟಿಸಿದ ಮನೆಯಿದೆ. ಕೆಡವಲು ಹೊರಟಿದ್ದ ಅದನ್ನು ಊರವರು ಕೂಗೆಬ್ಬಿಸಿ ಉಳಿಸಿಕೊಂಡರು. ಈಗ ಅದು ವಸ್ತುಸಂಗ್ರಹಾಲಯ. ಸಾಹಿತಿ ಕೂತು ಬರೆದ ಕಿಟಕಿಯನ್ನು ಉಳಿಸಿಕೊಂಡ ಊರು, ಮೂರೂವರೆ ದಶಕ ಸಾವಿರಾರು ಮನೆಗಳಿಗೆ ಗಾಡಿ ಕಳಿಸಿದ ಕಾರ್ಖಾನೆಗೂ ಒಂದು ಕೋಣೆ ಮಾಡಿದರೆ ಚೆನ್ನ ಎಂದು ನನಗೆ ಅನ್ನಿಸಿತು. ಅಲ್ಲಿ ಮಿರುಗುವ ಗಾಡಿ ನಿಲ್ಲಿಸಿದರೆ ಸಾಲದು. ವಾರಕ್ಕೊಂದು ದಿನ ಐಟಿಐ ಹುಡುಗರ ಕೈಗೆ ಜರಿ ಹಾಳೆ ಕೊಟ್ಟು ಕಾಯುವುದನ್ನು ಕಲಿಸಲು ಇಂಥ ಯಜಮಾನರಿಗೊಂದು ಸ್ಟೂಲೂ ಬೇಕು. ಹೇಳಿದೆ. ‘ಯಾವ ಹುಡುಗ ಬರ್ತಾನೆ ಸ್ವಾಮಿ’ ಎಂದರು. ಬೆಳಗಿನಿಂದ ಗ್ಯಾರೇಜಿನ ಮೂಲೆಯಲ್ಲೇ ಕೂತಿದ್ದ ಹುಡುಗನೊಬ್ಬ ಮೊದಲ ಬಾರಿಗೆ ಮೊಬೈಲಿನಿಂದ ತಲೆಯೆತ್ತಿ, ‘ನಾನಿದೀನಲ್ಲ ತಾತ’ ಎಂದ. ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದವರಲ್ಲಿ ಈಗಲೂ ಕೆಲಸದಲ್ಲಿರುವವರು ಯಜಮಾನರೊಬ್ಬರೇ ಅಂತೆ.

ಸಂಜೆಗೆ ಬೆಂಗಳೂರಿನಿಂದ ಒಬ್ಬ ಯುವಕ ಟೆಂಪೊ ತಂದ. ಅವನ ಅಜ್ಜನ ಜಾವಾ ಸಿದ್ಧವಾಗಿತ್ತು. ಮರೂನ್ ಟ್ಯಾಂಕು, ಪಕ್ಕೆಗೆ ಕ್ರೋಮು, ಕುಂಚದ ಗೆರೆ, ‘ಎಂವೈ’ಯಿಂದ ಶುರುವಾಗುವ ಹಳೇ ಮೈಸೂರು ರಾಜ್ಯದ ನಂಬರು. ಒಳಗೆ ಮಾತ್ರ ಒಂದು ಬದಲಾವಣೆ: ಅವನ ಆಸೆಯಂತೆ ಪಾಯಿಂಟ್ಸ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿದ್ದರು. ಬೇಸರವಾಗಲಿಲ್ಲವೇ ಎಂದು ಮೆಲ್ಲಗೆ ಕೇಳಿದೆ. ‘ಸುಳ್ಳು ಯಾಕೆ ಹೇಳ್ಲಿ? ಅದೇ ಒಳ್ಳೇದು. ಒಂದ್ಸಲ ಕೂರಿಸಿದ್ರೆ ಮತ್ತೆ ಮುಟ್ಟೋ ಹಾಗಿಲ್ಲ’ ಎಂದರು.

ಯಜಮಾನರು ಲಿವರನ್ನು ಒಳಕ್ಕೆ ಒತ್ತಿ, ಮೇಲೆತ್ತಿ, ಒಂದೇ ಒಂದು ಕಿಕ್ ಹೊಡೆದರು. ಹೊಂಗೆ ಮರದ ಕೆಳಗೆ ನೀಲಿ ಹೊಗೆ ತುಂಬಿತು. ಎದುರುಮನೆಯ ಮುದುಕಿ ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು. ಯುವಕ ಮೊಬೈಲಿನಲ್ಲಿ ಚಿತ್ರ ಹಿಡಿದುಕೊಂಡ. ಆಮೇಲೆ ಎಂಜಿನ್ ನಿಲ್ಲಿಸಿ, ಹಲಗೆ ಇಟ್ಟು ಗಾಡಿಯನ್ನು ಟೆಂಪೊಗೆ ಏರಿಸಿದರು.

‘ಶೋಕೇಸಿನಲ್ಲಿ ಇಟ್ಟುಬಿಡಬೇಡಪ್ಪ. ತಿಂಗಳಿಗೊಂದ್ಸಲನಾದ್ರೂ ಓಡಿಸು. ಸುಮ್ನೆ ನಿಂತ್ರೆ ಸೀಲ್ ಒಣಗಿಹೋಗುತ್ತೆ.’

‘ಆಯ್ತು ಅಂಕಲ್.’

ಗಾಡಿಯ ಪಕ್ಕದ ಪೆಟ್ಟಿಗೆ ತೆರೆದು ಯಜಮಾನರು ಒಂದು ಪುಟ್ಟ ಪೊಟ್ಟಣ ಒಳಗಿಟ್ಟರು. ತೆಗೆದ ಪಾಯಿಂಟ್ಸ್ ಅದು, ಜರಿ ಹಾಳೆಯಲ್ಲಿ ಸುತ್ತಿದ್ದು. ಇದನ್ನೇನು ಮಾಡಲಿ ಎಂದು ಯುವಕ ಕೇಳಿದ.

‘ಏನೂ ಮಾಡಬೇಡ. ಇರ್ಲಿ.’